ಭಾವ ಸುದ್ದಿ ಹೇಳಲು ಹೋದ ದ್ವೀಪ

ಅಕ್ಕನಿಗೆ ಒಂದು ಊರು ನೋಡುವುದೆಂದರೆ ಆ ಊರಿನ ಯಾರದ್ದಾದರೂ ಅಡಿಗೆಮನೆ ನೋಡುವುದು. ಮ್ಯೂಸಿಯಂ, ಕೋಟೆ, ಸಮುದ್ರದ ದಂಡೆ ಇವೆಲ್ಲ ಗಂಡಸರು ಫೋಟೊ ತೆಗೆದುಕೊಂಡು ಸುಮ್ಮನಿರಲಿ ಅಂತ ಮಾಡಿಟ್ಟಿರೋದು ಅನ್ನುತ್ತಿದ್ದಳು. ಮೈಸೂರಿನಲ್ಲಿ ನಮ್ಮಿಬ್ಬರನ್ನೂ ಬೆಳೆಸಿದ್ದು ಅಜ್ಜಿ ಮತ್ತು ಅಜ್ಜಿಯ ತಂಗಿ. ಯಾರನ್ನಾದರೂ ಚೆನ್ನಾಗಿ ಬಲ್ಲೆ ಅನ್ನುವುದಕ್ಕೆ ಆ ಇಬ್ಬರೂ "ಅವರ ಒಲೆ ಮುಂದೆ ಕೂತಿದ್ದೀನಿ" ಅನ್ನುತ್ತಿದ್ದರು. ಅಕ್ಕ ಆ ಮಾತನ್ನು ಹಾಗೆಯೇ ಸೆರಗಿಗೆ ಕಟ್ಟಿಕೊಂಡು ಅಮೆರಿಕಕ್ಕೆ ಬಂದವಳು.

ನಾನಿದ್ದದ್ದು ಆಸ್ಟಿನ್ನಿನಲ್ಲಿ. ಒಂದು ಸಲ ಅಲ್ಲಿನ ಮೆಕ್ಸಿಕನ್ ಹೋಟೆಲಿಗೆ ಅವಳನ್ನು ಊಟಕ್ಕೆ ಕರೆದುಕೊಂಡು ಹೋಗಿದ್ದೆ. ಕೈ ತೊಳೆದು ಬರ್ತೀನಿ ಅಂತ ಎದ್ದು ಹೋದವಳು ಎಷ್ಟು ಹೊತ್ತಾದರೂ ಬರಲಿಲ್ಲ. ಹುಡುಕಿಕೊಂಡು ಹೋದರೆ ಒಳಗಡೆ ರೊಟ್ಟಿ ತಟ್ಟುವ ಹೆಂಗಸಿನ ಪಕ್ಕ ನಿಂತು ತಾನೂ ಜೋಳದ ಹಿಟ್ಟು ತಟ್ಟುತ್ತಿದ್ದಾಳೆ. ಅವಳ ಭಾಷೆ ಇವಳಿಗೆ ಬರದು, ಇವಳದ್ದು ಅವಳಿಗೆ ಬರದು. ಕಾರು ಹತ್ತಿದ ಮೇಲೆ, "ಪಾಪ, ಅವಳ ಅತ್ತೆಗೂ ರೊಟ್ಟಿ ದಪ್ಪ ಆದರೆ ಆಗಲ್ಲವಂತೆ ಕಣೋ" ಅಂದಳು. ನಿನಗೆ ಹೇಗೆ ಗೊತ್ತಾಯ್ತೇ ಅಂದರೆ, "ಅದೆಲ್ಲ ಗೊತ್ತಾಗತ್ತೆ. ನೀನು ಗಾಡಿ ಓಡಿಸು."

ಭಾವ ಧಾರವಾಡದ ಕಡೆಯವರು. ಹ್ಯೂಸ್ಟನ್ನಿನ ಕ್ಲಿಯರ್ ಲೇಕ್‌ನಲ್ಲಿ ಎಂಜಿನಿಯರು. ಅಕ್ಕ ಹತ್ತು ಮಾತಾಡಿದರೆ ಭಾವನದು ಒಂದು, ಅದೂ "ಇರ್ಲಿ ಬಿಡ" ಅನ್ನುವುದು. ಅವರಿಗೆ ಒಬ್ಬಳೇ ಮಗಳು. ಆಗ ಡಲ್ಲಾಸಿನಲ್ಲಿ ಕಾಲೇಜು ಓದುತ್ತಿದ್ದಳು. ಕನ್ನಡ ಪೂರ್ತಿ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಬರುತ್ತಿತ್ತು.

ಎರಡು ಸಾವಿರ ಇಸವಿಯ ಆಚೀಚೆ ಬಂದು ನೆಲೆಯೂರಿದ ನಮ್ಮ ಜನಕ್ಕೆಲ್ಲ ಕೆಲವು ವರ್ಷ ಕ್ರೂಸಿನ ಹುಚ್ಚು ಹಿಡಿದಿತ್ತು. ಗ್ಯಾಲ್ವೆಸ್ಟನ್ನಿನಿಂದ ಹಡಗು ಹೊರಡುತ್ತಿತ್ತು, ಅದು ಕ್ಲಿಯರ್ ಲೇಕ್‌ನ ಮಗ್ಗುಲಲ್ಲೇ ಇದೆ. ಐದಾರು ಸಂಸಾರ ಸೇರಿ, ಉಪ್ಪಿನಕಾಯಿ, ಚಟ್ನಿಪುಡಿ, ಹುಳಿಯವಲಕ್ಕಿ ಕಟ್ಟಿಕೊಂಡು, ಸಮುದ್ರದ ಮೇಲೆ ತೇಲುವ ಛತ್ರಕ್ಕೆ ಹೋದ ಹಾಗೆ ಹೋಗುತ್ತಿದ್ದರು. ಅಕ್ಕ ಭಾವನೂ ಹೋದರು. ಹಡಗು ಜಮೈಕಾ ದ್ವೀಪ ಮುಟ್ಟುವ ಹೊತ್ತಿಗೆ ಭಾವ ಅದರ ಓಲಾಟಕ್ಕೆ ತಲೆ ಎತ್ತಲಾಗದೆ ಕೋಣೆಯಲ್ಲೇ ಉಳಿದರು. ಮಿಕ್ಕವರೆಲ್ಲ ಬಸ್ಸು ಹತ್ತಿ ಜಲಪಾತ ನೋಡಲು ಹೋದರು. ಅಕ್ಕ ಬಂದರಿನ ಹೊರಗೆ ನಿಂತಿದ್ದ ಒಬ್ಬ ಟ್ಯಾಕ್ಸಿಯವನ ಹತ್ತಿರ ಹೋಗಿ, "ಜಲಪಾತ ಬೇಡ, ಬೀಚ್ ಬೇಡ, ಅಂಗಡಿ ಬೇಡ. ನಿಜವಾದ ಜನ ಇರೋ ಕಡೆಗೆ ಕರ್ಕೊಂಡು ಹೋಗು" ಅಂದಳಂತೆ.

ಅಲ್ಲಿಂದ ಮುಂದಿನ ಕತೆ ನಮ್ಮ ಟೆಕ್ಸಸ್ ಕನ್ನಡಿಗರಿಗೆಲ್ಲ ಬಾಯಿಪಾಠ. ಯುಗಾದಿಯ ಊಟವಿರಲಿ, ಯಾರದ್ದೋ ಸೀಮಂತವಿರಲಿ, ಕೈ ತೊಳೆದು ಕೂತ ಮೇಲೆ ಅಕ್ಕ ಶುರು ಮಾಡುತ್ತಿದ್ದಳು.

"ಗುಡ್ಡ ಹತ್ತಿ ಹತ್ತಿ ಹತ್ತಿ, ಒಂದು ತಗಡಿನ ಮನೆ. ಒಂದು ಹೆಂಗಸು. ನಮ್ಮ ದೊಡ್ಡತ್ತೆ ಮೈಕಟ್ಟು, ಕಪ್ಪು ಅಂದರೆ ಕೃಷ್ಣಶಿಲೆ ಕಪ್ಪು. ಹಿತ್ತಲಲ್ಲಿ ಮೂರು ಕಲ್ಲಿನ ಒಲೆ. ನಾನು ಮಾಂಸ ತಿನ್ನಲ್ಲಮ್ಮ ಅಂದೆ. ಅಯ್ಯೋ ಅದಕ್ಕೇನು ಅಂತ, ಹಿತ್ತಲಿಗೆ ಹೋಗಿ ದಂಟಿನ ಸೊಪ್ಪು ಕಿತ್ತುಕೊಂಡು ಬಂದಳು. ಅಲ್ಲಿ ಅದಕ್ಕೆ ಬೇರೆ ಏನೋ ಹೆಸರು, ಆದರೆ ದಂಟಿನ ಸೊಪ್ಪೇ ಕಣ್ರೀ. ಹಸಿ ತೊಗರಿಕಾಳು ಹಾಕಿ ಕಾಯಿಹಾಲಲ್ಲಿ ಅನ್ನ. ದೀವಿಹಲಸನ್ನ ಇಡೀ ಇಡೀ ಕೆಂಡದಲ್ಲಿ ಸುಟ್ಟಳು. ನಾನೇ ಕೂತು ಕಾಯಿ ತುರಿದುಕೊಟ್ಟೆ. ಒಂದಿಡೀ ಮಧ್ಯಾಹ್ನ ಅವಳು ತನ್ನ ಕಷ್ಟ ಹೇಳಿದಳು, ನಾನು ನನ್ನ ಕಷ್ಟ ಹೇಳಿದೆ."

"ನಿನಗ ಏನ ಕಷ್ಟ ಇತ್ತ?" ಅಂತ ಭಾವ ಈ ಜಾಗದಲ್ಲಿ ತಪ್ಪದೆ ಕೇಳುತ್ತಿದ್ದರು.

"ಹೋಟೆಲ್ಲಿಗೆ ಹೋದಲ್ಲೂ ಮೊಸರನ್ನ ಕೇಳೋ ಗಂಡ," ಅಂತ ಅಕ್ಕ ತಪ್ಪದೆ ಹೇಳುತ್ತಿದ್ದಳು. ಎಲ್ಲರೂ ನಕ್ಕ ಮೇಲೆ ದನಿ ತಗ್ಗಿಸಿ, "ಹೊರಡುವಾಗ ಎರಡೂ ಕೈ ಹಿಡಿದುಕೊಂಡು ಅತ್ತುಬಿಟ್ಟಳು. ನಾನು ನಿನ್ನ ಮರೆಯಲ್ಲ ಅಂದಳು. ನೋಡಿ, ಅಲ್ಲಿ ಸಾವಿರ ಜನ ಹಡಗು ಇಳೀತಾರೆ, ಅಸಲು ಜನದ ಮನೆಗೆ ಹೋದವಳು ನಾನೊಬ್ಬಳೇ" ಅನ್ನುತ್ತಿದ್ದಳು.

ಆ ಟ್ಯಾಕ್ಸಿಯವನು ತೆಗೆದ ಒಂದು ಫೋಟೊ ಇತ್ತು. ಅದರಲ್ಲಿ ಅಕ್ಕ ಮಣೆ ಮೇಲೆ ಕೂತು ಹಲ್ಲು ಬಿಡುತ್ತಿದ್ದಾಳೆ, ಪಕ್ಕದಲ್ಲಿ ಆ ಹೆಂಗಸು ಕೈಯಲ್ಲಿ ಸೌಟು ಹಿಡಿದು ನಿಂತಿದ್ದಾಳೆ.

ಮರುವರ್ಷವೇ ಅಕ್ಕನಿಗೆ ಕಾಯಿಲೆ ಬಂತು. ಆ ಭಾಗವನ್ನು ಬೆಳೆಸಿ ಬರೆಯುವ ಶಕ್ತಿ ನನಗಿಲ್ಲ. ಹ್ಯೂಸ್ಟನ್ನಿನ ಆಸ್ಪತ್ರೆಯಲ್ಲಿ ಕೈಗೆ ಔಷಧಿ ಏರಿಸಿಕೊಳ್ಳುತ್ತಾ ಕೂತಾಗಲೂ ಪಕ್ಕದ ಕುರ್ಚಿಯ ರೋಗಿಗೆ ದೀವಿಹಲಸು ಸುಡುವುದು ಹೇಗೆ ಅಂತ ಹೇಳುತ್ತಿದ್ದಳು. ಕೂದಲೆಲ್ಲ ಹೋದ ಮೇಲೆ ತಲೆಗೆ ಬಟ್ಟೆ ಕಟ್ಟಿಕೊಂಡು ಕನ್ನಡಿ ನೋಡಿ, "ಈಗ ನಾನೂ ಅವಳ ಥರಾನೇ ಕಾಣ್ತೀನಿ ನೋಡೋ. ಒಂದು ಸಲ ಹೋಗಿ ತೋರಿಸಿ ಬರಬೇಕು" ಅಂದಿದ್ದಳು. ಹೋಗಲಿಲ್ಲ. ಮಳೆಗಾಲವಲ್ಲ, ಚಳಿಗಾಲವಲ್ಲ, ಹ್ಯೂಸ್ಟನ್ನಿನಲ್ಲಿ ಹೆಸರಿಲ್ಲದ ಒಂದು ಋತು ಇರುತ್ತದಲ್ಲ, ಆಗ ಹೋದಳು.

ಅವಳು ಹೋದ ಮಧ್ಯಾಹ್ನವೇ ಯಾರೋ ಒಳ್ಳೆಯ ಮನಸ್ಸಿನಿಂದಲೇ ಮೂರೂ ಊರಿನ ಕನ್ನಡದವರಿಗೆಲ್ಲ ಒಂದು ಈಮೇಲ್ ಹಾಕಿದರು. ಸಂಜೆಯೊಳಗೆ ಡಲ್ಲಾಸು, ಆಸ್ಟಿನ್ನು ಎಲ್ಲ ಕಡೆ ಗೊತ್ತಾಯಿತು. ಬಂದವರು ಬಂದರು, ಬರಲಾಗದವರು ಉತ್ತರ ಬರೆದರು. ಎಲ್ಲ ಮುಗಿದು ಮನೆಯಲ್ಲಿ ನಾವು ಮೂವರೇ ಉಳಿದ ಮೇಲೆ ಭಾವ ಕೇಳಿದರು:

"ತಮ್ಮಾ, ಸುದ್ದಿ ಯಾರು ಹೇಳಿದ್ರು ಅವ್ರಿಗೆಲ್ಲ?"

ಈಮೇಲ್ ಹೋಗಿತ್ತು ಭಾವ ಅಂದೆ.

"ಅದು ಹೇಳಿದಂಗ ಆಗಲಿಲ್ಲ."

ಅವರ ಮನೆತನದಲ್ಲಿ ಒಂದು ಪದ್ಧತಿಯಿತ್ತು. ಸತ್ತವರು ಯಾವ ಯಾವ ಮನೆಯಲ್ಲಿ ಉಂಡಿದ್ದರೋ ಆ ಮನೆಗಳಿಗೆಲ್ಲ ಸತ್ತವರ ಕಡೆಯವನೊಬ್ಬ ಹೋಗಿ, ಹೊಸಲಿನ ಹೊರಗೆ ನಿಂತು, ಬಾಯಿಬಿಟ್ಟು ಹೇಳಬೇಕು. ಒಳಗೆ ಹೋಗುವಂತಿಲ್ಲ. ನೀರು ಕೇಳುವಂತಿಲ್ಲ. ಆ ಮನೆಯವರೂ ಬನ್ನಿ ಅನ್ನುವಂತಿಲ್ಲ. ಹೇಳಿ, ಬೆನ್ನು ತಿರುಗಿಸಿ ಹೊರಟುಬಿಡಬೇಕು. ಆಗಲೇ ಸತ್ತವರಿಗೂ ಆ ಮನೆಗೂ ಇದ್ದ ಋಣ ಹರಿಯುತ್ತದೆ ಅಂತ ಅವರ ತಾಯಿ ಹೇಳುತ್ತಿದ್ದರಂತೆ. ನಾವು ಮೈಸೂರಿನವರಿಗೆ ಇದು ಗೊತ್ತಿಲ್ಲ. ಧಾರವಾಡದಲ್ಲೂ ಈಗ ಎಷ್ಟು ಜನಕ್ಕೆ ಗೊತ್ತೋ ನಾನು ಅರಿಯೆ. ಭಾವ ಮಾತ್ರ ಆ ವಾರಾಂತ್ಯದಿಂದಲೇ ಕಾರು ತೆಗೆದರು.

ನಮ್ಮ ಅಕ್ಕ ಉಂಡ ಮನೆಗಳೇನು ಒಂದೇ ಎರಡೇ. ಪ್ರತಿ ಶನಿವಾರ ಬೆಳಗ್ಗೆ ಸ್ನಾನ ಮಾಡಿ, ಏನೂ ತಿನ್ನದೆ, ಬಿಳಿ ಅಂಗಿ ಹಾಕಿಕೊಂಡು ಹೊರಡುತ್ತಿದ್ದರು. ಡಲ್ಲಾಸಿನ ಕಡೆ ಹೋದ ದಿನ ನಾನೂ ಜೊತೆಗಿದ್ದೆ. ಲಿಟಲ್ ಎಲ್ಮ್‌ನಲ್ಲಿ ಕೆರೆ ದಂಡೆಯ ಹೊಸ ಬಡಾವಣೆ, ಎಲ್ಲ ಮನೆಯೂ ಒಂದೇ ಅಚ್ಚು. ಕರೆಗಂಟೆ ಒತ್ತಿ ಭಾವ ಮೂರು ಹೆಜ್ಜೆ ಹಿಂದೆ ಬಂದು ಬಿಸಿಲಲ್ಲಿ ನಿಂತರು. ಬಾಗಿಲು ತೆಗೆದ ಆಂಟಿ, "ಅಯ್ಯೋ ಬನ್ನಿ ಒಳಗೆ, ಯಾಕೆ ಅಲ್ಲೇ ನಿಂತ್ರಿ" ಅಂದರು.

"ಒಳಗ ಬರೂದಿಲ್ರಿ. ನಮ್ಮ ಮನೀಯಾಕಿ ತೀರಿಕೊಂಡ್ಳು. ಅದನ್ನ ಹೇಳಾಕ ಬಂದೀನ್ರಿ."

ಆಂಟಿಗೆ ಏನು ಮಾಡಬೇಕೋ ತಿಳಿಯಲಿಲ್ಲ. ಅವರು ಅಂತ್ಯಕ್ರಿಯೆಗೆ ಬಂದು ಹೋದವರು. ಹಿಂದಿನಿಂದ ಅಂಕಲ್ ಬಂದು, ಪಾಪ, ತುಂಬ ಮರ್ಯಾದೆಯಿಂದ ಕೇಳಿದರು: "ಈಗ ನಾವು ಸ್ನಾನ ಮಾಡಬೇಕಾ ಹೇಗೆ? ಈಮೇಲ್ ಬಂದಾಗಲೇ ಮಾಡಿಬಿಟ್ಟಿದ್ವಿ."

ಭಾವ ಸ್ವಲ್ಪ ಯೋಚಿಸಿ, "ಅದ ನಡೀತೈತ್ರಿ" ಅಂದರು. ನನಗೆ ನಗು ಬಂತು. ಅಷ್ಟರಲ್ಲಿ ಆಂಟಿ ಬಾಗಿಲ ಚೌಕಟ್ಟು ಹಿಡಿದುಕೊಂಡು ಅಳಲು ಶುರು ಮಾಡಿದರು. ಅಂತ್ಯಕ್ರಿಯೆಯ ದಿನ ಕಣ್ಣೊರೆಸಿಕೊಂಡಿದ್ದರು ಅಷ್ಟೆ, ಅತ್ತಿರಲಿಲ್ಲ. ಅವರ ಅಳು ನೋಡಿ ನಾನೂ ಅತ್ತೆ. ಭಾವ ಅಳಲಿಲ್ಲ. ಕೈ ಮುಗಿದು, ತಿರುಗಿ, ಕಾರಿಗೆ ಬಂದು ಕೂತರು. "ಒಂದು ಮನೀ ಆತು" ಅಂದರು.

ಹಾಗೆ ಎಷ್ಟೋ ಮನೆ ಆದವು. ಕೊನೆಕೊನೆಗೆ ಒಂದು ಶನಿವಾರ ಆಸ್ಟಿನ್ನಿನ ಮಗ್ಗುಲ ಲಿಯಾಂಡರಿನ ನಮ್ಮ ಮನೆಯ ಕರೆಗಂಟೆಯೂ ಆಯಿತು. ತೆಗೆದರೆ ಹೊರಗೆ ಭಾವ, ಬಿಳಿ ಅಂಗಿ, ಮೂರು ಹೆಜ್ಜೆ ಹಿಂದೆ. ನಾನು ಅವಳ ಕೊನೆಯ ಉಸಿರಿನ ಹೊತ್ತಿಗೆ ಕಾಲು ಹಿಡಿದುಕೊಂಡು ಕೂತಿದ್ದವನು. ಹೆಗಲು ಕೊಟ್ಟವನು. ಆದರೂ ಅವರು ಅಲ್ಲೇ ನಿಂತು, ನನ್ನನ್ನು ಮೊದಲ ಸಲ ನೋಡುವವರ ಹಾಗೆ ನೋಡುತ್ತಾ ಹೇಳಿದರು: "ನಿಮ್ಮ ಅಕ್ಕ ತೀರಿಕೊಂಡ್ಳಪಾ."

ಆವತ್ತಿನವರೆಗೆ ನನಗೆ ಯಾರೂ ಅದನ್ನು ಹೇಳಿರಲಿಲ್ಲ ಅಂತ ಆಗಲೇ ಗೊತ್ತಾದದ್ದು. ಹೊಸಲಿನ ಮೇಲೆ ಕುಸಿದು ಕೂತೆ. ಭಾವ ಬಂದು ಎಬ್ಬಿಸಲಿಲ್ಲ. ಎಬ್ಬಿಸುವಂತಿಲ್ಲ. ಕಾರು ಹೊರಟ ಸದ್ದು ಕೇಳಿಸಿತು.

ಇನ್ನು ಒಂದೇ ಮನೆ ಉಳಿಯಿತು. ಆ ದ್ವೀಪದ್ದು.

"ಅಪ್ಪಾ, ಕಮಾನ್" ಅಂದಳು ಸೊಸೆ. ನಮ್ಮಲ್ಲಿ ಅಕ್ಕನ ಮಗಳನ್ನು ಸೊಸೆ ಅಂತಲೇ ಅನ್ನುವುದು. ಅವಳಿಗೆ ಅಪ್ಪ ಈ ತಿರುಗಾಟ ನಿಲ್ಲಿಸಿ ಸರಿಯಾಗಿ ಊಟ ನಿದ್ದೆ ಮಾಡಿದರೆ ಸಾಕಾಗಿತ್ತು. ಭಾವ ತೆಳ್ಳಗಾಗಿದ್ದರು. ಅಕ್ಕನ ಬಟ್ಟೆ, ಅಕ್ಕನ ಚಪ್ಪಲಿ, ಅರ್ಧ ಬಳಸಿದ ಅವಳ ತಲೆಗೆಣ್ಣೆ ಎಲ್ಲ ಇದ್ದಲ್ಲೇ ಇದ್ದವು. ಯಾರೂ ಮುಟ್ಟುವಂತಿರಲಿಲ್ಲ. "ಎಲ್ಲಾ ಮನೀಗೂ ಹೇಳಿ ಮುಗಸ್ತೀನಿ. ಆಮ್ಯಾಲೆ ವರ್ಷದ ತಿಥಿ ಮಾಡೂಣು. ಆಮ್ಯಾಲೆ ನೀ ಹೇಳಿದಂಗ ಕೇಳ್ತೀನಿ ಅವ್ವಾ" ಅಂದರು ಮಗಳಿಗೆ. ತಿಥಿ ಹತ್ತಿರ ಬಂದಿತ್ತು. ಒಂದು ಮನೆ ಬಿಟ್ಟು ತಿಥಿಗೆ ಕೂರುವುದು ಅವರಿಂದ ಆಗದ ಮಾತು. ಮೂವರೂ ಹೊರಟೆವು. ಈ ಸಲ ಹಡಗಲ್ಲ, ವಿಮಾನ.

ದಂಡೆಯ ಮೇಲೊಂದು ಸಣ್ಣ ಹೋಟೆಲಿನಲ್ಲಿ ಇಳಿದೆವು. ಮರುದಿನ ಬೆಳಗ್ಗೆ ಭಾವ ಸ್ನಾನ ಮಾಡಿ, ಬಿಳಿ ಅಂಗಿ ತೊಟ್ಟು, ಹೋಟೆಲಿನವರು ಕೊಟ್ಟ ಕಾಫಿ ತಿಂಡಿ ಮುಟ್ಟದೆ ಹೊರಗೆ ಬಂದರು. ನಮಗೆ ಸಿಕ್ಕ ಟ್ಯಾಕ್ಸಿಯವನು ನಗುಮುಖದ, ನಲವತ್ತು ದಾಟಿದ ಆಸಾಮಿ. ಭಾವನನ್ನು ಬಾಸ್ ಅನ್ನುತ್ತಿದ್ದ.

"ಬೀಚಾ ಬಾಸ್, ಜಲಪಾತವಾ?"

ಭಾವ ಫೋಟೊ ತೆಗೆದು ಕೊಟ್ಟರು. ಈ ಹೆಂಗಸಿನ ಮನೆ ಗುಡ್ಡದ ಮೇಲೆಲ್ಲೋ ಇದೆ, ಹುಡುಕಬೇಕು, ದಿನವಿಡೀ ಆದರೂ ಚಿಂತೆಯಿಲ್ಲ ಅಂದರು. ನಾವು ದಾರಿಯುದ್ದಕ್ಕೂ ವಿಚಾರಿಸಿಕೊಂಡು ಹೋಗುವುದಕ್ಕೆ ತಯಾರಾಗಿಯೇ ಬಂದಿದ್ದೆವು. ಅವನು ಫೋಟೊವನ್ನು ಸರಿಯಾಗಿ ನೋಡಲೂ ಇಲ್ಲ.

"ಓ, ಇವಳಾ. ಹುಡುಕೋದೇನು ಬಂತು. ಇವಳ ಮನೆಗೆ ನಾವೆಲ್ಲ ಕರ್ಕೊಂಡು ಹೋಗ್ತಿದ್ವಲ್ಲ."

"ಎಲ್ಲ ಅಂದರೆ?" ಅಂದೆ ನಾನು.

"ಎಲ್ಲ ಟ್ಯಾಕ್ಸಿಯವರೂ. ಪ್ರತಿ ಹಡಗಲ್ಲೂ ಒಬ್ಬರು ಇದ್ದೇ ಇರ್ತಾರೆ. ಬೀಚ್ ಬೇಡ, ನಿಜವಾದ ಜನ ತೋರಿಸು ಅನ್ನೋರು. ಅಂಥವರು ಸಿಕ್ಕಿದರೆ ಇವಳ ಮನೆಗೆ. ಚೆನ್ನಾಗಿ ಮಾಡ್ತಾಳೆ ಅಡಿಗೆ, ಚೆನ್ನಾಗಿ ಮಾತಾಡ್ತಾಳೆ. ಅಳು ಬಂದರೆ ಅಳ್ತಾಳೆ ಕೂಡ. ಈಗ ಮನೆಯಲ್ಲಿಲ್ಲ, ದೊಡ್ಡ ಜಾಗಕ್ಕೆ ಹೋಗಿದ್ದಾಳೆ. ಹತ್ತಿ ಬಾಸ್."

ಕಾರಿನಲ್ಲಿ ಸೊಸೆ ಹಿಂದಿನ ಸೀಟಿನಲ್ಲಿ ನನ್ನ ಪಕ್ಕ ಕೂತಿದ್ದಳು. ಅವಳು ಮುಖ ನನ್ನ ಕಡೆ ತಿರುಗಿಸಿ, ಬರೀ ತುಟಿಯಲ್ಲಿ, ಇಂಗ್ಲಿಷಿನಲ್ಲಿ, "ಅಮ್ಮನ ಆ ಹೆಂಗಸು ಬರೀ ಒಂದು ಟೂರ್, ಮಾಮ" ಅಂದಳು. ಸುಮ್ಮನಿರು ಅಂತ ಕೈ ಒತ್ತಿದೆ. ಮುಂದೆ ಭಾವ ಫೋಟೊವನ್ನು ಅಂಗಿಯ ಜೇಬಿಗೆ ಹಾಕಿಕೊಂಡು, ಮತ್ತೆ ತೆಗೆದು, ಮತ್ತೆ ಹಾಕಿಕೊಂಡರು. ಇರ್ಲಿ ಬಿಡ ಅಂತಲೂ ಅನ್ನಲಿಲ್ಲ.

ದೊಡ್ಡ ಜಾಗವೆಂದರೆ ಹಳೆಯ ಕಬ್ಬಿನ ತೋಟವೊಂದನ್ನು ಹಡಗಿನವರಿಗಾಗಿ ಹಳ್ಳಿಯ ಹಾಗೆ ಮಾಡಿಟ್ಟದ್ದು. ಹೊರಗೆ ಸಾಲು ಬಸ್ಸುಗಳು. ಒಳಗೆ ಗರಿ ಹೊದಿಸಿದ ಗುಡಿಸಲುಗಳು, ಒಂದರಲ್ಲಿ ಬುಟ್ಟಿ ಹೆಣೆಯುವವನು, ಒಂದರಲ್ಲಿ ಡೋಲು ಬಡಿಯುವವರು, ಒಂದರಲ್ಲಿ ಕಬ್ಬಿನ ಹಾಲು. ಹೆಂಗಸರೆಲ್ಲ ಕೆಂಪು ಬಿಳಿ ಚೌಕುಳಿ ಬಟ್ಟೆಯ ಲಂಗ ತೊಟ್ಟು ಅದೇ ಬಟ್ಟೆಯನ್ನು ತಲೆಗೆ ಕಟ್ಟಿದ್ದರು. ನಮ್ಮ ಕಡೆ ಹೆಗಲ ಮೇಲಿನ ಟವೆಲಿನಲ್ಲಿ ಇರುವಂಥದೇ ಚೌಕುಳಿ. ಈ ಬಟ್ಟೆ ಹಿಂದೆ ನಿಮ್ಮ ಮದರಾಸಿನಿಂದಲೇ ಬರುತ್ತಿದ್ದದ್ದು ಅಂತ ಟ್ಯಾಕ್ಸಿಯವನು ಹೇಳಿದ. ಬೇರೆ ಯಾವತ್ತಾದರೂ ಆಗಿದ್ದರೆ ಅದರ ಬಗ್ಗೆ ಒಂದು ಗಂಟೆ ಮಾತಾಡುತ್ತಿದ್ದೆ.

ಕೊನೆಯ ಗುಡಿಸಲಿನಲ್ಲಿ ಮೂರು ಕಲ್ಲಿನ ಒಲೆ ಉರಿಯುತ್ತಿತ್ತು. ಅವಳೇ. ದೊಡ್ಡತ್ತೆಯ ಮೈಕಟ್ಟು. ನೆಲದ ಮೇಲೆ ಕಾಲು ಚಾಚಿ ಕೂತು ಕಾಯಿ ತುರಿಯುತ್ತಾ, ಎದುರು ನಿಂತ ಏಳೆಂಟು ಜನ ಬಿಳಿಯರಿಗೆ ಏನೋ ಹೇಳಿ ನಗಿಸುತ್ತಿದ್ದಳು. ಅವರಲ್ಲೊಬ್ಬಳನ್ನು ಕೂರಿಸಿ ಅವಳ ಕೈಗೆ ಕಾಯಿ ಕೊಟ್ಟಳು. ಆ ಹೆಂಗಸು ತುರಿಯುವಾಗ ಅವಳ ಗಂಡ ಫೋಟೊ ತೆಗೆದ. ಹೋಗುವಾಗ ಇವಳು ಆ ಹೆಂಗಸಿನ ಎರಡೂ ಕೈ ಹಿಡಿದುಕೊಂಡಳು.

ನನ್ನ ಅಕ್ಕನ ಮೇಲೆ ನನಗೆ ಎಷ್ಟು ಮರುಕ ಬಂತೆಂದರೆ, ಅವಳು ಸತ್ತಾಗಲೂ ಅಷ್ಟು ಬಂದಿರಲಿಲ್ಲ. ಎಷ್ಟು ಊಟದ ಪಂಕ್ತಿಗಳಲ್ಲಿ ಕೂತು ಹೇಳಿದ್ದಳು. ನಾನೊಬ್ಬಳೇ ಅಂದಿದ್ದಳು.

ಬಿಳಿಯರು ಹೋದ ಮೇಲೆ ಭಾವ ಹೋಗಿ ಗುಡಿಸಲಿನ ಮುಂದೆ ನಿಂತರು. ಗುಡಿಸಲಿಗೆ ಹೊಸಲಿರಲಿಲ್ಲ. ಒಂದು ದಪ್ಪ ಬಿದಿರನ್ನು ಅಡ್ಡ ಹಾಕಿದ್ದರು. ಭಾವ ಅದರಿಂದ ಮೂರು ಹೆಜ್ಜೆ ಹಿಂದೆ, ಬಿಸಿಲಲ್ಲಿ. ನಾವಿಬ್ಬರು ಅವರ ಹಿಂದೆ.

"ಬಾ ಡಾರ್ಲಿಂಗ್, ಒಳಗೆ ಬಾ, ಬಿಸಿಲಲ್ಲಿ ಬೆಂದು ಹೋಗ್ತೀಯ" ಅಂದಳು ಅವಳು. ಗಟ್ಟಿಯಾದ, ಒಳ್ಳೆಯ ದನಿ. ಆ ದನಿ ಕೇಳಿದರೆ ಯಾರಿಗಾದರೂ ಕೂತು ಕಷ್ಟ ಹೇಳಿಕೊಳ್ಳಬೇಕು ಅನ್ನಿಸುವಂಥದ್ದು.

ಭಾವ ಒಳಗೆ ಹೋಗಲಿಲ್ಲ. ಕೈ ಚಾಚಿ ಫೋಟೊ ಕೊಟ್ಟರು. ಅವಳು ಕೈ ಒರೆಸಿಕೊಂಡು ಈಸಿಕೊಂಡಳು.

"ನಿಮ್ಮ ಮನೆಗೆ ಬಂದಿದ್ದಳು. ಊಟ ಮಾಡಿದ್ದಳು. ನನ್ನ ಹೆಂಡತಿ" ಅಂದರು ಭಾವ ಇಂಗ್ಲಿಷಿನಲ್ಲಿ. ಮುಂದಿನ ಮಾತಿಗೆ ಉಸಿರು ತೆಗೆದುಕೊಂಡರು.

ಅವಳು ಅದಕ್ಕೆ ಮುಂಚೆಯೇ ಮುಖ ಅರಳಿಸಿದಳು. "ಓ, ಇವಳು. ಹೇಗೆ ಮರೀಲಿ. ಹಾಡು ಹೇಳಿದಳಲ್ಲ ನನಗೆ, ಎಷ್ಟು ಇಂಪು. ಕಾಯಿ ತುರೀತಾ ತುರೀತಾ ಹಾಡಿದ್ದು."

ನಮ್ಮ ಅಕ್ಕನಿಗೆ ಹಾಡು ಬರುತ್ತಿರಲಿಲ್ಲ. ಆರತಿಯ ಹೊತ್ತಲ್ಲಿ ಅಜ್ಜಿಯೇ "ನೀನು ಗಂಟೆ ಬಾರಿಸಮ್ಮ ಸಾಕು" ಅನ್ನುತ್ತಿದ್ದರು.

"ಮತ್ತೆ ಆ ಎರಡು ಗಂಡು ಹುಡುಗರು," ಅಂತ ಅವಳು ಮುಂದುವರಿಸಿದಳು, "ಇಡೀ ದಿನ ಅವರ ಮಾತೇ. ಒಬ್ಬ ತುಂಟ, ಒಬ್ಬ ಮೌನ. ಈಗ ದೊಡ್ಡವರಾಗಿರಬೇಕು. ಹೇಗಿದ್ದಾಳೆ ಅವಳು? ಯಾಕೆ ಕರ್ಕೊಂಡು ಬರಲಿಲ್ಲ?"

ಸೊಸೆ ಬಾಯಿ ತೆರೆದಳು. ಅವಳ ಕಣ್ಣು ಉರಿಯುತ್ತಿತ್ತು. ಭಾವ ಹಿಂದೆ ನೋಡದೆಯೇ ಕೈ ಎತ್ತಿ ಅವಳನ್ನು ತಡೆದರು.

ಭಾವ ಆ ಹೆಂಗಸಿನ ಮುಖವನ್ನು ನೋಡುತ್ತಲೇ ಇದ್ದರು. ಅವಳು ಸುಳ್ಳು ಹೇಳುತ್ತಿರಲಿಲ್ಲ ಅಂತ ನನಗೆ ಈಗಲೂ ಅನ್ನಿಸುತ್ತದೆ. ಅವಳಿಗೆ ಯಾರೋ ಒಬ್ಬಳು ನಿಜವಾಗಿಯೇ ನೆನಪಿದ್ದಳು.

"ಆರಾಮಾಗಿದ್ದಾಳೆ" ಅಂದರು ಭಾವ. "ಹುಡುಗರೂ ಆರಾಮಾಗಿದ್ದಾರೆ. ಅವರಿಗೆ ಪರೀಕ್ಷೆ. ಅದಕ್ಕೇ ಬರಲಿಲ್ಲ."

"ದೇವರು ಒಳ್ಳೆಯದು ಮಾಡಲಿ" ಅಂದಳು ಅವಳು. "ಇನ್ನಾದರೂ ಒಳಗೆ ಬಾ."

ಭಾವ ಬಿದಿರು ದಾಟಿ ಒಳಗೆ ಹೋದರು. ಚಪ್ಪಲಿ ಬಿಟ್ಟು ನೆಲದ ಮೇಲೆ ಚಕ್ಕಂಬಕ್ಕಲ ಹಾಕಿ ಕೂತರು. ಅವಳು ಕೊಟ್ಟ ನೀರು ಕುಡಿದರು. ದಂಟಿನ ಸೊಪ್ಪು, ತೊಗರಿಕಾಳಿನ ಅನ್ನ, ಬೆಳಗ್ಗಿನಿಂದ ಉಪವಾಸವಿದ್ದ ಮನುಷ್ಯ ಎರಡು ಸಲ ಹಾಕಿಸಿಕೊಂಡು ತಿಂದರು. ಅಕ್ಕ ಹೋದ ಮೇಲೆ ಅವರು ಹಾಗೆ ಉಂಡದ್ದನ್ನು ನಾನು ನೋಡಿರಲಿಲ್ಲ. ಅವಳು ಕೇಳಿದ್ದಕ್ಕೆಲ್ಲ ಉತ್ತರ ಹೇಳಿದರು. ದೊಡ್ಡ ಹುಡುಗ ಎಂಜಿನಿಯರಿಂಗ್ ಓದುತ್ತಿದ್ದಾನೆ. ಚಿಕ್ಕವನಿಗೆ ಓದು ಹತ್ತಲಿಲ್ಲ, ಸಂಗೀತದ ಗೀಳು, ತಾಯಿಯ ಹಾಗೆ. ಬಾಯಿ ಬಿಚ್ಚದ ನಮ್ಮ ಭಾವ, ಎಂದೂ ಒಂದು ಸುಳ್ಳು ಹೇಳದ ಮನುಷ್ಯ, ಅಷ್ಟನ್ನೂ ತಡವರಿಸದೆ ಹೇಳಿದರು. ಸೊಸೆ ದೂರ ಹೋಗಿ ಬಸ್ಸುಗಳ ಕಡೆ ಮುಖ ಮಾಡಿ ನಿಂತುಬಿಟ್ಟಳು.

ಅಷ್ಟರಲ್ಲಿ ಮುಂದಿನ ಗುಂಪು ಬಂತು. ಆ ಹೆಂಗಸು ಎದ್ದು, ಕೆಂಡದಲ್ಲಿ ಸುಟ್ಟ ದೀವಿಹಲಸನ್ನು ಕೊಯ್ದು, ಬಾಳೆಲೆಯಲ್ಲಿ ಎರಡು ಪೊಟ್ಟಣ ಕಟ್ಟಿ ಕೊಟ್ಟಳು. "ಹುಡುಗರಿಗೆ. ಬೇರೆ ಬೇರೆ ಕಟ್ಟಿದ್ದೀನಿ, ಜಗಳ ಆಡಬಾರದು." ಭಾವನ ಎರಡೂ ಕೈ ಹಿಡಿದುಕೊಂಡಳು.

ವಾಪಸು ಬರುವಾಗ ಟ್ಯಾಕ್ಸಿಯವನು ಕೇಳಿದ, "ಗುರುತು ಹಿಡಿದಳಾ ಬಾಸ್?"

"ಹಿಡಿದಳು" ಅಂದರು ಭಾವ.

ಸಂಜೆ ಹೋಟೆಲಿನ ಜಗಲಿಯಲ್ಲಿ ಮೂವರೂ ಕೂತಿದ್ದೆವು. ಸಮುದ್ರ ನೋಡಲು ಚೆನ್ನಾಗಿತ್ತು, ಯಾರೂ ನೋಡಲಿಲ್ಲ. ಸೊಸೆ ಅಲ್ಲಿಯವರೆಗೆ ಅಪ್ಪನ ಜೊತೆ ಒಂದು ಮಾತೂ ಆಡಿರಲಿಲ್ಲ. ಕೊನೆಗೆ ಇಂಗ್ಲಿಷಿನಲ್ಲಿ ಕೇಳಿದಳು: ಅಷ್ಟು ಮನೆಗೆ ಹೋಗಿ ಹೇಳಿದೆ, ಇಲ್ಲಿಯವರೆಗೆ ಬಂದು ಯಾಕೆ ಹೇಳಲಿಲ್ಲ? ಅವಳಿಗೆ ಅಮ್ಮ ಯಾರು ಅಂತಲೇ ಗೊತ್ತಿಲ್ಲ ಅಂತ ಬೇಜಾರಾಯ್ತಾ?

ಭಾವ ತಮ್ಮ ಅಂಗೈ ನೋಡಿಕೊಂಡರು.

"ಹೇಳಬೇಕಂತನ ನಿಂತಿದ್ನೆವ್ವಾ. ಬಾಯಿಗೆ ಬಂದಿತ್ತು. ಆದ್ರ ನಾ ಹೇಳಿದ್ರ ಆಕಿ ಅಳಾಕಿ. ಆ ಹೆಣ್ಣುಮಗಳು ಖರೇನ ಅಳಾಕಿ, ನೀ ನೋಡಿದ್ಯಲ್ಲ. ಯಾರ ಸಲುವಾಗಿ ಅಳಾಕಿ? ನಿಮ್ಮವ್ವನ ಸಲುವಾಗಿ ಅಲ್ಲ. ಹಾಡು ಹೇಳಿದಾಕಿ ಸಲುವಾಗಿ. ಎರಡು ಗಂಡು ಹುಡುಗ್ರ ತಾಯಿ ಸಲುವಾಗಿ."

ಭಾವ ಕನ್ನಡಕ ಮೇಲೇರಿಸಿಕೊಂಡರು.

"ಆ ಹಾಡಿನಾಕಿ ಎಲ್ಲೋ ಆರಾಮ ಇದ್ದಾಳು. ತನ್ನ ಮನ್ಯಾಗ, ತನ್ನ ಹುಡುಗ್ರ ಜೋಡಿ. ಸುಮ್ನ ಆಕೀನ್ನ ಯಾಕ ಕೊಲ್ಲಲಿ?"

ಸೊಸೆ ಎದ್ದು ಹೋಗಿ ಅಪ್ಪನ ಪಕ್ಕ ಕೂತಳು. ಭಾವ ಅಳುತ್ತಿದ್ದರು. ಅಷ್ಟು ಮನೆಗಳ ಮುಂದೆ ನಿಂತೂ ಅಳದಿದ್ದವರು, ಸದ್ದಿಲ್ಲದೆ, ಕನ್ನಡಕ ತೆಗೆಯಲೂ ತೋಚದೆ ಅಳುತ್ತಿದ್ದರು. "ನಮ್ಮಾಕೀನ್ನ ಇಲ್ಲೆ ಯಾರೂ ನೋಡೇ ಇಲ್ಲಲೋ ತಮ್ಮಾ" ಅಂದರು ನನ್ನ ಕಡೆ ತಿರುಗಿ.

ಕತ್ತಲಾಗುವ ಮುಂಚೆ ಅವರೇ ಮುಖ ತೊಳೆದು ಬಂದು ಬಾಳೆಲೆಯ ಪೊಟ್ಟಣ ಎರಡನ್ನೂ ತಂದು ನಮ್ಮ ಮುಂದಿಟ್ಟರು. ಒಂದು ನನಗೆ, ಒಂದು ಮಗಳಿಗೆ. ದೀವಿಹಲಸು ಆರಿಹೋಗಿತ್ತು. ಮೇಲೆ ಹೊಗೆಯ ವಾಸನೆ, ಒಳಗೆ ಹಿಟ್ಟು ಹಿಟ್ಟಾಗಿ ಸಪ್ಪೆ. ತಿನ್ನುವವರೆಗೆ ಅವರು ಎದುರಿಗೇ ನಿಂತಿದ್ದರು.